ಮೈ ತುಂಬಿದವರಿಗೆ ಕಾಲಕ್ಕೊಂದು ಉಡುಪು

‘ಸ್ವಲ್ಪ ಸಣ್ಣಗಾಗ್ತೀನಿ, ಆಮೇಲೆ ಹೊಲಿಸ್ತೀನಿ’ ಅಂತ ಮುಂದೂಡಬೇಡಿ. ಇವತ್ತಿನ ಮೈಗೆ ಇವತ್ತೇ ಅಳತೆ ಕೊಡಿ.

ಪಾವಗಡ, ಶಿರಾದ ಬೇಸಿಗೆಗೆ ಸಿಂಥೆಟಿಕ್ ಸೀರೆ ಬೇಡ; ಬೆವರು ಹೀರುವ ತೆಳು ಕಾಟನ್ ಇರಲಿ. ಬ್ಲೌಸ್ ಪೀಸು, ಲೈನಿಂಗ್ ಎರಡನ್ನೂ ನೆನೆಸಿ ಒಣಗಿಸಿಯೇ ಟೈಲರ್‌ಗೆ ಕೊಡಿ. ಇಲ್ಲವಾದರೆ ಮೊದಲ ಒಗೆತಕ್ಕೇ ತೋಳು ಬಿಗಿಯುತ್ತದೆ. ಪಕ್ಕದ ಹೊಲಿಗೆಯೊಳಗೆ ಎರಡು ಬೆರಳಷ್ಟು ಬಟ್ಟೆ ಬಿಡಿಸಿ. ಹಾಕಿ ನೋಡುವಾಗ ಕನ್ನಡಿ ಮುಂದೆ ನಿಂತರೆ ಸಾಲದು. ಕೈ ಎತ್ತಿ, ಕೂತು, ಬಗ್ಗಿ ನೋಡಿ.

ಲಂಗದ ಲಾಡಿ ಬಿಗಿದು ಸೊಂಟ ಕಪ್ಪಾಗಿದ್ದರೆ ಅಗಲ ಪಟ್ಟಿಯ ಲಂಗ ಹೊಲಿಸಿ. ನಡೆದರೆ ತೊಡೆ ಉಜ್ಜಿ ಉರಿಯುತ್ತದೆಯೇ? ಒಳಗೆ ಮೊಣಕಾಲುದ್ದದ ಕಾಟನ್ ಶಾರ್ಟ್ಸ್ ಹಾಕಿ. ಗೊರವನಹಳ್ಳಿಯ ದರ್ಶನದ ಸಾಲಿನಲ್ಲೂ ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಯಲ್ಲೂ ನಿರಾಳವಾಗಿ ಓಡಾಡಬಹುದು.

ಮಳೆಗಾಲಕ್ಕೆ ಬೇಗ ಒಣಗುವ ಕುರ್ತಾ, ಕಣಕಾಲಿನ ಮೇಲೆ ನಿಲ್ಲುವ ಪ್ಯಾಂಟ್ ಒಳ್ಳೆಯದು. ಕೊರಟಗೆರೆಯ ಸಿದ್ದರಬೆಟ್ಟ ಹತ್ತುವವರಿಗೂ ಇದೇ ಸರಿ. ಮಾಗಿ ಚಳಿಗೆ ಮುಂದೆ ಗುಂಡಿ ಇರುವ ತೆಳು ಸ್ವೆಟರ್ ತಗೊಳ್ಳಿ, ಹೊತ್ತೇರಿದಂತೆ ಬಿಚ್ಚಿಡಬಹುದು.

ಇನ್ನು ಬಣ್ಣ. ದಪ್ಪಗಿರುವವರು ಕಪ್ಪನ್ನೇ ಉಡಬೇಕೆಂದು ಯಾರೂ ಬರೆದಿಟ್ಟಿಲ್ಲ. ಅರಿಶಿನ, ಗಿಳಿಹಸಿರು ಇಷ್ಟವಾದರೆ ಧಾರಾಳವಾಗಿ ಉಡಿ.