ಬೀದಿಪಾಲಾದ ಬೇಟೆನಾಯಿಗೆ ಹೊಸ ಮನೆ

ಜತ್ತ, ಸೊಲ್ಲಾಪುರದ ಕಡೆಯ ನಮಗೆ ಕರವಾನಿ, ಅಂದರೆ ಮುಧೋಳ ನಾಯಿ, ಹೊಸದಲ್ಲ. ಓಟ ತಗ್ಗಿದೊಡನೆ ಕೆಲವರು ಅದನ್ನು ಬೀದಿಗೆ ಬಿಡುತ್ತಾರೆ. ಅಂಥ ನಾಯಿ ಸಿಕ್ಕರೆ ಏನು ಮಾಡೋಣ?

ಮೊದಲ ಎರಡು ವಾರ ಮನೆಯ ನಾಯಿಗಳಿಂದ ದೂರ, ನೆರಳಿನಲ್ಲಿ ಕಟ್ಟೋಣ. ಹಸಿದಿದೆಯೆಂದು ಒಮ್ಮೆಲೇ ಹೊಟ್ಟೆತುಂಬ ಹಾಕದೆ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕು ಸಲ ಕೊಡೋಣ. ಪಶುವೈದ್ಯರಿಂದ ರೇಬಿಸ್ ಲಸಿಕೆ, ಜಂತುಹುಳದ ಔಷಧಿ ಕೊಡಿಸೋಣ.

ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು.

ಓಡುವ ಪ್ರಾಣಿ ಕಂಡರೆ ಬೆನ್ನಟ್ಟುವುದು ಈ ಜಾತಿಯ ಹುಟ್ಟುಗುಣ. ಕೋಳಿ, ಆಡುಮರಿ ಇರುವ ಮನೆಗೆ ಕೊಡುವಾಗ ಇದನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಆ ನಾಯಿ ಮತ್ತೆ ಬೀದಿಗೇ ಬೀಳುತ್ತದೆ.