ಮನೆಯ ಮರಮುಟ್ಟಿಗೆ ಗೆದ್ದಲು ಹತ್ತದಂತೆ ತಡೆಯುವ ಕ್ರಮ

ಅರಸೀಕೆರೆ ಸೀಮೆಯ ತೆಂಗಿನ ತೋಟದವರು ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಡುವರು. ಏರಿಸುವಾಗ ಕಾಯಿಯೊಂದಕ್ಕೆ ಒಂದು ಕಿಲೋಗ್ರಾಂ ಎಂದು ಎಣಿಸಿದರೂ 5,000 ಕಾಯಿಗೆ 5 ಟನ್ ಭಾರವಾಗುವುದು. ಈ ಭಾರವನ್ನು ಹೊತ್ತ ತೊಲೆಗೆ ಗೆದ್ದಲು ಹತ್ತಿದರೆ ಅದು ಹೊರಗಣ ತೆಳುವಾದ ಪದರವನ್ನು ಉಳಿಸಿ ಒಳಗಣ ಮರವನ್ನು ಬರಿದು ಮಾಡುವುದು. ನೋಡುವವರಿಗೆ ತೊಲೆಯು ಎಂದಿನಂತೆಯೇ ಕಾಣುವುದು. ಅದರ ಕೆಳಗೆ ಮನೆಮಂದಿ ಮಲಗುವರು, ದನ ಕಟ್ಟುವರು. ಆದುದರಿಂದ ಗೆದ್ದಲಿನ ಹಾವಳಿಯನ್ನು ಕೇವಲ ಮರದ ನಷ್ಟವೆಂದು ಎಣಿಸಕೂಡದು.

ಬಿಳಿ ಇರುವೆ ಎಂದು ಕೆಲವರು ಕರೆದರೂ ಗೆದ್ದಲು ಇರುವೆಯ ಜಾತಿಯದಲ್ಲ, ಜಿರಲೆಗೆ ಹತ್ತಿರದ್ದು. ಈ ಸೀಮೆಯ ಹುತ್ತದ ಗೆದ್ದಲಿನ ಸಂಸಾರವೆಲ್ಲ ನೆಲದೊಳಗೆ ಇರುವುದು. ಅಲ್ಲಿ ರಾಣಿಯು ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡುವುದು. ಆಳು ಹುಳುಗಳು ಮರ, ಹುಲ್ಲು, ತರಗೆಲೆಗಳನ್ನು ತಿಂದು ಬಂದು ಗೂಡಿನಲ್ಲಿ ಒಂದು ಬಗೆಯ ಬೂಷ್ಟನ್ನು ಬೆಳೆಸುವುವು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯು ಈ ಬೂಷ್ಟಿನದೇ. ಮೈ ಮೆತ್ತಗಿರುವುದರಿಂದ ಆಳು ಹುಳುವು ಬಿಸಿಲನ್ನೂ ಒಣಗಾಳಿಯನ್ನೂ ತಾಳಲಾರದೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಸಂಚರಿಸುವುದು. ಗೋಡೆಯ ಮೇಲೆ ಕಾಣುವ ಮಣ್ಣಿನ ಗೆರೆಯೇ ಗೂಡಿನಿಂದ ಮನೆಗೆ ಬಂದ ದಾರಿ. ಅದನ್ನು ಪೊರಕೆಯಿಂದ ಗುಡಿಸಿ, ಸೀಮೆಎಣ್ಣೆ ಸವರಿ ಸುಮ್ಮನಾಗುವವರು ಬಹುಮಂದಿ. ಇದರಿಂದ ಸಾಯುವುವು ಕೆಲವು ಆಳುಗಳು ಮಾತ್ರ. ರಾಣಿಗೆ ಸುದ್ದಿಯೂ ಮುಟ್ಟದು. ನೆಲಕ್ಕೂ ಮರಕ್ಕೂ ಇರುವ ಸಂಬಂಧವನ್ನು ಕಡಿಯುವುದೇ ನಿಜವಾದ ಉಪಾಯ.

ಹಳೆಯ ತೊಟ್ಟಿಮನೆಗಳಲ್ಲಿ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿರುವುದನ್ನು ಕಾಣಬಹುದು. ಕಲ್ಲನ್ನು ಹುಳು ತಿನ್ನದು. ಅದನ್ನು ಏರಬೇಕಾದರೆ ಕಣ್ಣಿಗೆ ಬೀಳುವಂತೆ ಕೊಳವೆ ಕಟ್ಟಲೇಬೇಕು. ಈಚೆಗೆ ನೆಲವನ್ನು ಎತ್ತರಿಸುವಾಗ ಈ ಕಲ್ಲುಗಳನ್ನು ಮುಚ್ಚಿಬಿಡುವುದುಂಟು, ಇದು ತಪ್ಪು. ಗೋಡೆಗೆ ಒತ್ತಿ ಸೌದೆ, ಸೋಗೆ, ತೆಂಗಿನ ಸಿಪ್ಪೆಗಳನ್ನು ಒಟ್ಟುವುದು ಅರಸೀಕೆರೆಯ ಕಡೆ ಹೆಚ್ಚು. ಇವುಗಳನ್ನು ಗೋಡೆಯಿಂದ ಎರಡು ಮೊಳ ದೂರದಲ್ಲಿ, ಕಲ್ಲಿನ ಮೇಲೆ ಇಡತಕ್ಕದ್ದು. ಮಳೆ ಹೆಚ್ಚಾದ ಬೇಲೂರಿನ ಕಡೆ ಸೋರುವ ಹೆಂಚು, ಬಚ್ಚಲ ನೀರು ನಿಲ್ಲುವ ಗೋಡೆ, ಇವುಗಳನ್ನು ಮೊದಲು ಸರಿಪಡಿಸಬೇಕು.

ತೊಲೆ, ಬಾಗಿಲುವಾಡಗಳನ್ನು ಕೊಡಲಿಯ ಕಾವಿನಿಂದ ತಟ್ಟಿ ನೋಡಿದರೆ ಟೊಳ್ಳಾದ ಕಡೆ ಶಬ್ದವು ಬೇರೆಯಾಗಿ ಕೇಳುವುದು. ಅಲ್ಲಿ ಉಳಿಯ ಮೊನೆಯಿಂದ ಚುಚ್ಚಿದಾಗ ಒಳಗೆ ಮಣ್ಣು ಕಂಡರೆ ಗೆದ್ದಲೆಂದು ತಿಳಿಯುವುದು; ಹಿಟ್ಟಿನಂತಹ ಪುಡಿ ಉದುರಿದರೆ ಅದು ಕುಟ್ಟೆಹುಳುವಿನ ಕೆಲಸ, ಅದರ ಚಿಕಿತ್ಸೆ ಬೇರೆ. ತೊಲೆಯು ಟೊಳ್ಳಾಗಿದ್ದರೆ ಆಸರೆಯ ಕಂಬ ಕೊಟ್ಟು, ಕಾಯಿಗಳನ್ನು ಇಳಿಸಿದ ಮೇಲೆಯೇ ಮುಂದಿನ ಕೆಲಸ. ಕೊಳವೆಯನ್ನು ಒಂದು ಗೇಣು ಒಡೆದು ಕೆಲವು ದಿನ ಬಿಟ್ಟು ನೋಡುವುದು. ಪುನಃ ಕಟ್ಟಿದ್ದರೆ ಹುಳುವು ಇನ್ನೂ ಓಡಾಡುತ್ತಿರುವುದು ನಿಶ್ಚಯ. ಕಟ್ಟದಿದ್ದರೆ ಅದು ಬೇರೆ ದಾರಿ ಹಿಡಿದಿರಲೂಬಹುದು.

ಹೊಸ ಮನೆಗೆ ತೇಗ, ಹೊನ್ನೆಗಳಂತಹ ಮರದ ಚೇಗನ್ನೇ ಆರಿಸಬೇಕು. ಮಾವು, ಬೂರುಗಗಳು ಗೆದ್ದಲಿಗೆ ಬೇಗ ತುತ್ತಾಗುವುವು. ಅಸ್ತಿಭಾರದ ಗುಂಡಿಯ ತಳಕ್ಕೆ ಚದರ ಮೀಟರಿಗೆ 5 ಲೀಟರಿನಂತೆಯೂ, ಗೋಡೆಗೆ ತಾಗಿ ತುಂಬುವ ಮಣ್ಣಿಗೆ ಗೋಡೆಯ ಚದರ ಮೀಟರಿಗೆ 7.5 ಲೀಟರಿನಂತೆಯೂ ಔಷಧದ ನೀರನ್ನು ಹಾಕುವುದು ಕ್ರಮ. ಇದಕ್ಕೆ ಶೇಕಡ 30.5ರ ಇಮಿಡಾಕ್ಲೋಪ್ರಿಡ್ ಔಷಧವಾದರೆ ಲೀಟರ್ ನೀರಿಗೆ 2.1 ಮಿಲಿಲೀಟರ್. ಕಟ್ಟಿದ ಮನೆಯಲ್ಲಿ ಗೋಡೆಯೂ ನೆಲವೂ ಕೂಡುವೆಡೆ ಒಂದೊಂದು ಅಡಿಗೆ ಅರ್ಧ ಅಂಗುಲದ ರಂಧ್ರ ಕೊರೆದು, ರಂಧ್ರಕ್ಕೆ 1 ಲೀಟರಿನಂತೆ ಇಳಿಸಿ ಮುಚ್ಚಿಬಿಡತಕ್ಕದ್ದು. ಕೆಲಸವನ್ನು ಅನುಭವಸ್ಥರಿಂದ ಮಾಡಿಸುವುದು ಲೇಸು. ಬಾವಿಯ ಬಳಿ ಔಷಧ ಹಾಕಲೇಕೂಡದು. ಕಾಯಿ, ಧಾನ್ಯಗಳ ಮೇಲೆ ಸಿಂಪಡಿಸಲೂ ಕೂಡದು. ಆಲ್ಡ್ರಿನ್, ಹೆಪ್ಟಾಕ್ಲೋರ್ ಎಂಬ ಹಿಂದಿನ ವಿಷಗಳು 1996ರಿಂದ ಭಾರತದಲ್ಲಿ ನಿಷಿದ್ಧವಾಗಿವೆ. ಹಳೆಯ ಡಬ್ಬಗಳಿದ್ದರೆ ಮುಟ್ಟದಿರುವುದು.

ಮನೆಯ ಪತ್ರಗಳ ವಿಷಯವನ್ನೂ ಹೇಳಬೇಕು. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದರು. ಬೇಲೂರು, ಹಳೇಬೀಡುಗಳ ಹೊಯ್ಸಳ ದಾನಗಳನ್ನು ಇಂದಿಗೂ ಓದಬಹುದಾದುದು ಅವನ್ನು ಕಲ್ಲಿನಲ್ಲಿ ಕೊರೆದುದರಿಂದ. ಕ್ರಯಪತ್ರ, ವಿಭಾಗಪತ್ರಗಳಿಗೂ ಹಿಂದಿನ ಶ್ಯಾನುಭೋಗರ ಮನೆಗಳಲ್ಲಿ ಉಳಿದಿರುವ ಕಡತಗಳಿಗೂ ಆ ಭಾಗ್ಯವಿಲ್ಲ. ಇವುಗಳನ್ನು ಗೋಡೆಯ ಗೂಡಿನಲ್ಲಿಡದೆ ತಗಡಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಗೋಡೆಗೆ ತಾಗದಂತೆ ಕಲ್ಲಿನ ಮೇಲಿರಿಸಿ, ಆಗಾಗ್ಗೆ ತೆರೆದು ನೋಡಬೇಕು.

ನಾಗರಪಂಚಮಿಗೆ ಹಾಲೆರೆಯುವ ದೂರದ ಹುತ್ತಗಳನ್ನು ಅಗೆಯಬೇಕಾದುದಿಲ್ಲ. ಅಲ್ಲಿಯ ಹುಳು ತರಗೆಲೆಯನ್ನು ಮಣ್ಣುಗೂಡಿಸುವ ಉಪಕಾರವನ್ನೇ ಮಾಡುವುದು. ಮೊದಲ ಮಳೆಗಳ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳುಗಳು ಹುತ್ತದಿಂದ ಹೊರಟ ರೆಕ್ಕೆಯ ಗೆದ್ದಲುಗಳೇ. ಅವು ಹೊರಗಿನಿಂದ ಹಾರಿಬಂದರೆ ಭಯವಿಲ್ಲ. ಮನೆಯ ನೆಲದ ಬಿರುಕಿನಿಂದಲೋ ಗೋಡೆಯ ಬುಡದಿಂದಲೋ ಎದ್ದುಬಂದರೆ ಗೂಡು ಅಡಿಯಲ್ಲಿಯೇ ಇರುವುದೆಂದು ತಿಳಿದು, ಆ ಸ್ಥಳವನ್ನು ಸುಣ್ಣದಿಂದ ಗುರುತಿಸಿ, ಮೇಲ್ಕಂಡ ಔಷಧವನ್ನು ಅಲ್ಲಿಂದಲೇ ಆರಂಭಿಸತಕ್ಕದ್ದು.