ಗಣಕಯಂತ್ರದಲ್ಲಿ ವೈಜ್ಞಾನಿಕ ಕ್ಯಾಲ್ಕುಲೇಟರ್: ಆಯ್ಕೆ ಮತ್ತು ಬಳಕೆ

ಕಚೇರಿಯ ಮೇಜಿನ ಮೇಲೆ ಗಣಕಯಂತ್ರವಿದ್ದರೂ ಅದರ ಪಕ್ಕದಲ್ಲಿ ಪುಟ್ಟ ಕ್ಯಾಲ್ಕುಲೇಟರ್ ಒಂದು ಇರುವುದು ಸಾಮಾನ್ಯ. ಕೂಡುವ, ಕಳೆಯುವ ಲೆಕ್ಕಕ್ಕೆ ಅದು ಸಾಕು. ಆದರೆ ಚಕ್ರಬಡ್ಡಿ, ಸಾಲದ ಮಾಸಿಕ ಕಂತು, ಯಂತ್ರಭಾಗಗಳ ಕೋನ ಮುಂತಾದ ಲೆಕ್ಕಗಳಿಗೆ ಘಾತ, ವರ್ಗಮೂಲ, ತ್ರಿಕೋನಮಿತಿ ಸೌಲಭ್ಯಗಳು ಬೇಕು. ಇದಕ್ಕಾಗಿ ಹಣ ವ್ಯಯಿಸುವ ಅಗತ್ಯವಿಲ್ಲ.

ಕೈಯಲ್ಲಿರುವ ತಂತ್ರಾಂಶ

ವಿಂಡೋಸ್‌ನೊಂದಿಗೆ ಬರುವ ಕ್ಯಾಲ್ಕುಲೇಟರ್‌ನಲ್ಲಿಯೇ ವೈಜ್ಞಾನಿಕ ವಿಧಾನ ಅಡಗಿದೆ. ಮೆನುವಿನಲ್ಲಿ 'ಸೈಂಟಿಫಿಕ್' ಎಂಬುದನ್ನು ಆರಿಸಬೇಕು. ವಿಂಡೋಸ್ 7 ಮತ್ತು ಅನಂತರದ ಆವೃತ್ತಿಗಳಲ್ಲಿ ಆಲ್ಟ್ ಮತ್ತು 2 ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಸಾಕು.

ಎರಡು ವಿಧಾನಗಳ ಅಂತರ ಗುಂಡಿಗಳ ಸಂಖ್ಯೆಗಷ್ಟೇ ಸೀಮಿತವಲ್ಲ. ಒಂದು ದರಪಟ್ಟಿಯಲ್ಲಿ ಕಚ್ಚಾವಸ್ತು ರೂ. 12,000, ಕೂಲಿ ರೂ. 8,000, ಕೂಲಿಯ ಮೇಲೆ ಮಾತ್ರ ಶೇ. 10 ಹೆಚ್ಚುವರಿ ಎಂದಿಟ್ಟುಕೊಳ್ಳೋಣ. 12000 + 8000 × 1.1 ಎಂದು ಒತ್ತಿದರೆ ಸೈಂಟಿಫಿಕ್ ವಿಧಾನ ಗುಣಾಕಾರವನ್ನು ಮೊದಲು ಮಾಡಿ 20,800 ಎನ್ನುತ್ತದೆ. ಸ್ಟ್ಯಾಂಡರ್ಡ್ ವಿಧಾನ ಒತ್ತಿದ ಕ್ರಮದಲ್ಲಿಯೇ ಸಾಗಿ 22,000 ಎನ್ನುತ್ತದೆ. ಈ ರೂ. 1,200 ವ್ಯತ್ಯಾಸ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಆದರೆ ಆರ್ಡರು ಕೈತಪ್ಪಲು ಅಷ್ಟೇ ಸಾಕು.

ಎರಡು ಉದಾಹರಣೆಗಳು

1. ರೂ. 5,00,000 ಸಾಲ, ವಾರ್ಷಿಕ ಶೇ. 12 ಬಡ್ಡಿ, 36 ಕಂತುಗಳು. ತಿಂಗಳ ಬಡ್ಡಿ ಶೇ. 1. ಮೊದಲು 1.01ರ 36ನೇ ಘಾತವನ್ನು ಕಂಡುಕೊಳ್ಳಬೇಕು: 1.43077. ಅನಂತರ 5000 × 1.43077 ÷ 0.43077. ಮಾಸಿಕ ಕಂತು ಸುಮಾರು ರೂ. 16,607.

2. ಲೇತ್ ಯಂತ್ರದಲ್ಲಿ 60 ಮಿ.ಮೀ. ಉದ್ದದಲ್ಲಿ ವ್ಯಾಸ 50ರಿಂದ 40 ಮಿ.ಮೀ.ಗೆ ಇಳಿಯುವ ಟೇಪರ್. ವ್ಯಾಸಗಳ ಅಂತರ 10ನ್ನು ಉದ್ದದ ಇಮ್ಮಡಿಯಾದ 120ರಿಂದ ಭಾಗಿಸಿ, ವಿಲೋಮ ಟ್ಯಾನ್ ತೆಗೆದರೆ 4.76 ಡಿಗ್ರಿ. ತೆರೆಯ ಮೇಲೆ 0.083 ಬಂದರೆ ತಂತ್ರಾಂಶ ರೇಡಿಯನ್‌ನಲ್ಲಿದೆ ಎಂದರ್ಥ; ಅದನ್ನು ಡಿಗ್ರಿಗೆ ಬದಲಿಸಬೇಕು.

ಇತರ ತಂತ್ರಾಂಶಗಳು

ಸ್ಪೀಡ್‌ಕ್ರಂಚ್ ಮತ್ತು ಕ್ವಾಲ್ಕ್ಯುಲೇಟ್ ಎಂಬ ಮುಕ್ತ ತಂತ್ರಾಂಶಗಳು ವಿಂಡೋಸ್ ಹಾಗೂ ಲಿನಕ್ಸ್‌ಗಳೆರಡರಲ್ಲಿಯೂ ಉಚಿತವಾಗಿ ದೊರೆಯುತ್ತವೆ. ಇಡೀ ಲೆಕ್ಕವನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಹಿಂದಿನ ಸಾಲುಗಳು ತೆರೆಯ ಮೇಲೆ ಉಳಿಯುವುದರಿಂದ ತಪ್ಪನ್ನು ಹುಡುಕುವುದು ಸುಲಭ. ಕ್ವಾಲ್ಕ್ಯುಲೇಟ್ ಅಳತೆಯ ಮಾನಗಳನ್ನೂ ಪರಿವರ್ತಿಸುತ್ತದೆ. ಯಾವುದೇ ತಂತ್ರಾಂಶವನ್ನು ಅದರ ತಯಾರಕರ ಅಧಿಕೃತ ತಾಣದಿಂದಲೇ ಪಡೆಯಬೇಕು. ಲೆಕ್ಕಪತ್ರಗಳಿರುವ ಗಣಕಯಂತ್ರಕ್ಕೆ ಅಪರಿಚಿತ ತಾಣಗಳ ಪ್ರತಿಗಳು ವೈರಸ್ ತರುವ ಅಪಾಯವಿದೆ.

ಪರೀಕ್ಷಿಸುವ ಬಗೆ

ಹೊಸ ತಂತ್ರಾಂಶವನ್ನು ಕೆಲಸಕ್ಕೆ ಹಚ್ಚುವ ಮುನ್ನ ಎರಡು ಲೆಕ್ಕ ಮಾಡಿ ನೋಡುವುದು ಒಳಿತು. 2 + 3 × 4 ಎಂಬುದಕ್ಕೆ 14, 30 ಡಿಗ್ರಿಯ ಸೈನ್‌ಗೆ 0.5 ಬರಬೇಕು. ಬಾರದಿದ್ದಲ್ಲಿ ವಿಧಾನವನ್ನು ಸರಿಪಡಿಸಿದ ಮೇಲೆಯೇ ದರಪಟ್ಟಿಗೆ ಕೈಹಾಕತಕ್ಕದ್ದು.